ಗಿರಿ ಹತ್ತುವ ಗಾಡಿಗಳಿಗೆ ಮಿತಿ ಬೇಕಾ?

ಪರ: ರಸ್ತೆ ಇರುವುದೇ ಅಷ್ಟು

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ದಾರಿಯಲ್ಲಿ ಮನೆ ಇರುವ ನಮಗೆ ಏಪ್ರಿಲ್, ಮೇ ತಿಂಗಳ ಭಾನುವಾರ ಬಂತೆಂದರೆ ಪೇಟೆ ಕೆಲಸ ಬಂದ್. ಬೆಂಗಳೂರಿನಿಂದ ರಾತ್ರಿಯೇ ಹೊರಟವರು ಬೆಳಗಾಗುವಷ್ಟರಲ್ಲಿ ಗಿರಿಯ ಬುಡದ ಕೈಮರ ಚೆಕ್‌ಪೋಸ್ಟಿನಲ್ಲಿ ಸಾಲು ನಿಂತಿರುತ್ತಾರೆ. ಮೇಲೆ ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ. ಇಳಿದು ಬರುವ ಕಾರಿಗೆ ಜಾಗ ಬಿಡಬೇಕೆಂದರೆ ಹತ್ತುವವರು ಹಿಂದಕ್ಕೆ ಸರಿಯಬೇಕು, ಅವರ ಬೆನ್ನಿಗೇ ಇನ್ನೂ ನಲವತ್ತು ಗಾಡಿ ನಿಂತಿದ್ದರೆ ಸರಿಯುವುದೆಲ್ಲಿಗೆ?

ಮಿತಿ ಬರುವ ಮುಂಚಿನ ಬೇಸಿಗೆಯ ಒಂದು ದಿನ ಹೇಳುತ್ತೇನೆ. ಮೆಣಸು ಕೊಯ್ಲಿನ ಕೊನೆ ಅದು. ಹಣ್ಣಾದ ಮೆಣಸು ಯಾರಿಗೂ ಕಾಯುವುದಿಲ್ಲ, ಉದುರುತ್ತದೆ. ಎಂಟು ಗಂಟೆಗೆ ಬರಬೇಕಿದ್ದ ಆಳುಗಳ ಪಿಕಪ್ ಹನ್ನೊಂದೂವರೆಗೆ ಬಂತು. ಏಣಿ ಹತ್ತುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಕೂಲಿ ಪೂರ್ತಿ ಕೊಟ್ಟೆವು, ಕೊಡಲೇಬೇಕಲ್ವಾ, ಅವರ ತಪ್ಪೇನಿದೆ?

2025ರ ಸೆಪ್ಟೆಂಬರ್‌ನಲ್ಲಿ ಜಿಲ್ಲಾಡಳಿತ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಎರಡು ಪಾಳಿ, ಪಾಳಿಗೆ 600 ಗಾಡಿ ಅಂತ ಲೆಕ್ಕ ಹಾಕಿತು. ನನ್ನ ಕೇಳಿದರೆ ಅದೂ ಜಾಸ್ತಿಯೇ. ಆದರೆ ಲೆಕ್ಕವೇ ಇಲ್ಲದ ಕಾಲಕ್ಕಿಂತ ಎಷ್ಟೋ ವಾಸಿ.

ಇದು ಬರೀ ನಮ್ಮ ರಸ್ತೆಯ ಮಾತಲ್ಲ. ಈ ಗಿರಿಸಾಲಿನ ನೀರು ವೇದಾ, ಅವತಿ ಹೊಳೆಗಳಾಗಿ ಅಯ್ಯನಕೆರೆ, ಮದಗದಕೆರೆ ತುಂಬಿ, ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತದೆ. ಮೇಲೆ ಹುಲ್ಲಿನ ಮೇಲೆ ಗಾಡಿ ಹತ್ತಿಸಿ, ಗಿರಿಯ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ಅಂಚಿನಲ್ಲಿ ಬಾಟಲಿ ಎಸೆದು ಹೋದರೆ ಮೊದಲ ಮಳೆಗೆ ಅದೆಲ್ಲ ಯಾರ ಕೆರೆಗೆ ಹೋಗುತ್ತದೆ ಹೇಳಿ. ಬಯಲುಸೀಮೆಯ ತೋಟಗಳು ಬದುಕುವುದು ಆ ನೀರಿನಲ್ಲಿ.

ವಿರೋಧ: ಕಾರು ತಡೆಯಿರಿ, ಜನರನ್ನು ತಡೆಯಬೇಡಿ

ನಾನು ಎರಡು ಕೋಣೆಯ ಹೋಂಸ್ಟೇ ನಡೆಸುತ್ತೇನೆ. ಟ್ರಾಫಿಕ್ ಜಾಮ್‌ನಲ್ಲಿ ನಾನೂ ಸಿಕ್ಕಿಕೊಂಡಿದ್ದೇನೆ, ಆ ಕಷ್ಟ ಸುಳ್ಳಲ್ಲ. ಆದರೆ ನಮ್ಮ ವರ್ಷದ ಸಂಪಾದನೆಯಲ್ಲಿ ದೊಡ್ಡ ಪಾಲು ಏಪ್ರಿಲ್, ಮೇ ಎರಡು ತಿಂಗಳಲ್ಲೇ ಆಗಬೇಕು. ಮಳೆ ಹಿಡಿದರೆ ಧರೆ ಕುಸಿತ ಅಂತ ದಾರಿ ಮುಚ್ಚುತ್ತಾರೆ. ಝರಿ ಫಾಲ್ಸಿಗೆ ಜೀಪು ಓಡಿಸುವ ಹುಡುಗರು, ಅತ್ತಿಗುಂಡಿ ಕಡೆ ಸುಟ್ಟ ಜೋಳ ಮಾರುವ ಹೆಂಗಸರು, ಇವರಿಗೆ ತೋಟ ಇಲ್ಲ, ಮೆಣಸೂ ಇಲ್ಲ.

ಬುಕಿಂಗ್ ಯಾರಿಗೆ ಸಿಗುತ್ತದೆ ನೋಡಿ. ಹದಿನೈದು ದಿನ ಮೊದಲೇ ಪ್ಲಾನ್ ಮಾಡಿ ಲ್ಯಾಪ್‌ಟಾಪಿನಲ್ಲಿ ಕೂರುವವರಿಗೆ. ಬೆಳಗ್ಗೆ ಎದ್ದು 'ನಡಿ, ಗಿರಿ ಮೇಲಿನ ದತ್ತಪೀಠಕ್ಕೆ ಹೋಗಿ ಕೈಮುಗಿದು ಬರೋಣ' ಅಂತ ಹೆಂಡತಿ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟ ತರೀಕೆರೆಯ ರೈತ ಏನು ಮಾಡಬೇಕು? ಗಿರಿ ಅವನದೂ ಅಲ್ವಾ?

ಊಟಿಯ ಕಡೆ ನೋಡಿ. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಊಟಿ ಇರುವ ನೀಲಗಿರಿ ಜಿಲ್ಲೆಗೆ ವಾರದ ದಿನಗಳಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ ದಿನಕ್ಕೆ 8,000 ಗಾಡಿ ಅಂತ ಕಟ್ಟು ಹಾಕಿದರು. ಏಪ್ರಿಲ್ 2ಕ್ಕೇ ಅಲ್ಲಿನ ವ್ಯಾಪಾರಿಗಳು ಅಂಗಡಿ ಮುಚ್ಚಿ ಬಂದ್ ಮಾಡಿದರು. ಸುಮ್ನೆ ಮಾಡಿದ್ದಲ್ಲ, ಹೊಟ್ಟೆಪಾಡಿಗೆ ಮಾಡಿದ್ದು. ಇನ್ನು ಬುಕಿಂಗ್ ಸಿಗದವರು ಮನೆಗೆ ವಾಪಸ್ ಹೋಗುತ್ತಾರೆ ಅಂದುಕೊಳ್ಳಬೇಡಿ. ಹಿರೇಕೊಳಲೆ ಕೆರೆ ಕಡೆಗೋ ಕೆಮ್ಮಣ್ಣುಗುಂಡಿ ಕಡೆಗೋ ತಿರುಗುತ್ತಾರೆ, ಜಾಮ್ ಅಲ್ಲಿಗೆ ಹೋಗುತ್ತದೆ.

ಕಾರೊಂದರಲ್ಲಿ ನಾಲ್ಕು ಜನ ಬರುತ್ತಾರೆ. ಮಿನಿಬಸ್ಸಿನಲ್ಲಿ ಇಪ್ಪತ್ತು ಜನ ಕೂರುತ್ತಾರೆ. ಕಾರುಗಳನ್ನೆಲ್ಲ ಕೆಳಗೇ ನಿಲ್ಲಿಸಿ, ಅಲ್ಲಿಂದ ಸೀತಾಳಯ್ಯನಗಿರಿವರೆಗೆ ಅರ್ಧ ಗಂಟೆಗೊಂದು ಬಸ್ಸು ಬಿಡಿ, ಈಗಿರುವ ಜೀಪು ಡ್ರೈವರ್‌ಗಳಿಗೇ ಆ ಕೆಲಸ ಕೊಡಿ. ಬೆಳಗ್ಗೆ ಆಳುಗಳ ಪಿಕಪ್ಪಿಗೂ ದಾರಿ ಸಿಗುತ್ತದೆ.