ಆಟೀನ್ ರಾಣಿಯನ್ನು ಯಾರೂ ಕೇಳಲಿಲ್ಲ

ಮರಿಸಾ ಮೇಯರ್ ಬರೆದ ‘ಹಾರ್ಟ್‌ಲೆಸ್’ ಕಾದಂಬರಿಯನ್ನು ಈ ಮಳೆಗಾಲದಲ್ಲಿ ಮತ್ತೆ ಓದಿದೆ. 2016ರಲ್ಲಿ ಬಂದ ಪುಸ್ತಕ. ಹದಿಹರೆಯದವರಿಗೆಂದು ಬರೆದದ್ದೇ ಆದರೂ ಕತ್ತಲೆ ಜಾಸ್ತಿ ಇರುವ ಕತೆ. ಆಲಿಸಳ ಅದ್ಭುತಲೋಕದಲ್ಲಿ ಮಾತೆತ್ತಿದರೆ ತಲೆ ಕಡಿಯಿರಿ ಎಂದು ಕಿರುಚುವ ಇಸ್ಪೀಟಿನ ಆಟೀನ್ ರಾಣಿ ಇದ್ದಾಳಲ್ಲ, ಅವಳು ರಾಣಿಯಾಗುವ ಮೊದಲು ಯಾರಾಗಿದ್ದಳು ಎನ್ನುವುದೇ ಇಲ್ಲಿನ ವಿಷಯ. ಕೊನೆ ಏನಾಗುತ್ತದೆಂದು ಕೆಳಗೆ ಹೇಳಿಬಿಡುತ್ತೇನೆ. ಅದು ಬೇಡ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ನನ್ನನ್ನು ಕೇಳಿದರೆ ಮಾತ್ರ, ಕೊನೆ ಗೊತ್ತಿದ್ದೇ ಓದಬೇಕಾದ ಪುಸ್ತಕ ಇದು.

ನಮ್ಮ ಮಂಗಳೂರು, ಉಡುಪಿ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವಿ ಮಹಾತ್ಮೆ ಯಕ್ಷಗಾನ ಆಟಕ್ಕೆ ಹೋಗಿ ಕೂತವರಲ್ಲಿ ಮಹಿಷಾಸುರ ಸಾಯುತ್ತಾನೆಂದು ಗೊತ್ತಿಲ್ಲದವರು ಯಾರಿದ್ದಾರೆ? ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಅಲ್ಲಲ್ಲಿ ತಾಳಮದ್ದಳೆ ಶುರುವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಪದ್ಯ ಮತ್ತು ಅರ್ಥ, ಅಂದರೆ ಪಾತ್ರದ ಮಾತು, ಮಾತ್ರ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನೆ ಕೇಳುತ್ತಾನೆ. ಅವನು ಬದುಕುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಏನು ಕೇಳುತ್ತಾನೆ, ಹೇಗೆ ಕೇಳುತ್ತಾನೆ ಎಂದು ಸಭೆ ಕಿವಿಗೊಟ್ಟು ಕೂರುತ್ತದೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಮಾಗಧನನ್ನು ಕೇಳಿದ ಹಿರಿಯರು ಇವತ್ತಿಗೂ ಅದನ್ನು ನೆನೆಸುತ್ತಾರೆ. ಸೋಲುವವನಿಗೂ ಹೇಳುವುದಕ್ಕೆ ಏನೋ ಇದೆ ಎಂದು ನಂಬಿ ಕೂರುವುದು ನಮಗೆ ಹೊಸದಲ್ಲ. ಆ ಅಭ್ಯಾಸ ಇರುವುದರಿಂದಲೇ ಈ ಪುಸ್ತಕ ನನಗೆ ಇಷ್ಟು ಹತ್ತಿರವಾಯಿತು ಅನ್ನಿಸುತ್ತದೆ.

ಮೂಲ ಕತೆಯ ರಾಣಿ ಹೇಗಿದ್ದಾಳೆ ನೋಡಿ. ಲೂಯಿಸ್ ಕ್ಯಾರಲ್ ಬರೆದ ಆ ಪುಸ್ತಕ ಬಂದದ್ದು 1865ರಲ್ಲಿ. ತನ್ನ ಕತೆ ನಾಟಕವಾಗಿ ರಂಗಕ್ಕೆ ಬಂದ ಮೇಲೆ, 1887ರ ಒಂದು ಲೇಖನದಲ್ಲಿ, ಈ ರಾಣಿಯನ್ನು ತಾನು ಕಣ್ಣಿಲ್ಲದ, ಗುರಿಯಿಲ್ಲದ ಕೋಪವಾಗಿ ಕಲ್ಪಿಸಿಕೊಂಡೆ ಎಂಬ ಅರ್ಥದ ಮಾತನ್ನು ಅವನೇ ಹೇಳಿದ್ದಾನೆ. ಆ ಕೋಪದಿಂದ ಅಲ್ಲಿ ಯಾರೂ ಸಾಯುವುದೂ ಇಲ್ಲ. ರಾಣಿ ಶಿಕ್ಷೆ ಹೇಳುತ್ತಾ ಹೋಗುತ್ತಾಳೆ, ರಾಜ ಹಿಂದಿನಿಂದ ಮೆಲ್ಲಗೆ ಎಲ್ಲರನ್ನೂ ಕ್ಷಮಿಸುತ್ತಾನೆ. ಇಲ್ಲಿ ಯಾರ ತಲೆಯನ್ನೂ ತೆಗೆಯುವುದಿಲ್ಲ ಎಂದು ಗ್ರಿಫಿನ್ ಎಂಬ ಪ್ರಾಣಿ ಆಲಿಸಳಿಗೆ ಹೇಳಿಯೂ ಬಿಡುತ್ತದೆ.

ಮೇಯರ್ ಮಾಡಿದ್ದು ಆ ಕೋಪಕ್ಕೊಂದು ಗುರಿ ಕೊಟ್ಟದ್ದು. ಕೊಟ್ಟ ರೀತಿ ಇನ್ನೂ ಚಂದ. ಆಟೀನ್ ರಾಣಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಹಳೆ ಶಿಶುಪ್ರಾಸ ಇದೆ. ಬೇಸಿಗೆಯ ದಿನ ಅವಳು ಟಾರ್ಟ್ ಎಂಬ ತಿಂಡಿ ಮಾಡಿದಳು, ಗುಲಾಮ ಅದನ್ನು ಕದ್ದ ಅಂತ. ಕ್ಯಾರಲ್‌ಗೆ ಅದರಲ್ಲಿ ಕಂಡದ್ದು ಕಳ್ಳತನ. ಅದನ್ನೇ ಹಿಡಿದು ಕೋರ್ಟಿನ ವಿಚಾರಣೆ ಬರೆದ. ಮೇಯರ್‌ಗೆ ಕಂಡದ್ದು ಬೇರೆ. ರಾಣಿಯಾದವಳು ಸ್ವತಃ ಯಾಕೆ ಹಿಟ್ಟು ಕಲಸಿ ಬೇಯಿಸಲು ಹೋದಳು? ಅಷ್ಟರಿಂದ ಕ್ಯಾಥರೀನ್ ಹುಟ್ಟಿದಳು. ದೊಡ್ಡ ಮನೆತನದ ಹುಡುಗಿ, ಬೇಕರಿ ಇಡಬೇಕೆಂಬ ಆಸೆ. ಮನೆಯ ಕೆಲಸದ ಹುಡುಗಿ ಮೇರಿ ಆ್ಯನ್ ಜೊತೆ ಸೇರಿ ಲೆಕ್ಕಾಚಾರ ಹಾಕುತ್ತಾಳೆ. ಮೇರಿ ಆ್ಯನ್ ಹೆಸರೂ ಕ್ಯಾರಲ್‌ನದ್ದೇ. ಬಿಳಿ ಮೊಲ ಆಲಿಸಳನ್ನು ಹಾಗೆ ಕರೆದು ಗದರಿಸುತ್ತದಲ್ಲ, ಆ ಹೆಸರು. ಯಾರೂ ತಿರುಗಿ ನೋಡದ ಒಂದು ಹೆಸರನ್ನು ಹೆಕ್ಕಿ ತಂದು ಮನುಷ್ಯಳನ್ನಾಗಿ ಮಾಡಿದ್ದಾರೆ.

ಆದರೆ ರಾಜನಿಗೆ ಕ್ಯಾಥರೀನಳ ಕೈರುಚಿ ಹಿಡಿಸುತ್ತದೆ, ಆಮೇಲೆ ಅವಳೇ ಹಿಡಿಸುತ್ತಾಳೆ. ಅಪ್ಪ ಅಮ್ಮನಿಗೆ ಇದಕ್ಕಿಂತ ಒಳ್ಳೆ ಸಂಬಂಧ ಬೇರೆ ಬೇಕಾ? ಅದೇ ಹೊತ್ತಿಗೆ ಆಸ್ಥಾನಕ್ಕೆ ಹೊಸ ವಿದೂಷಕ ಬರುತ್ತಾನೆ, ಜೆಸ್ಟ್ ಅಂತ. ಅವನಿಗೆ ಅವಳು ಮನಸ್ಸು ಕೊಡುತ್ತಾಳೆ.

ಮೊದಲ ಓದಿನಲ್ಲಿ ನಾನು ಓದಿದ್ದು ಈ ಪ್ರೀತಿಯ ಕತೆಯನ್ನೇ. ಕಾಡಿದ್ದು ಜೆಸ್ಟ್‌ನ ಸಾವು, ಹೆದರಿಸಿದ್ದು ಜಾಬರ್‌ವಾಕ್ ಎಂಬ ಮೃಗ. ಈ ಸಲ ಅವೆರಡೂ ಹಿಂದೆ ಸರಿದವು. ಈ ಸಲ ಹೆದರಿಸಿದ್ದು ಮನೆಯ ಹಜಾರದಲ್ಲಿ, ಔತಣದಲ್ಲಿ ನಡೆಯುವ ಮಾತುಕತೆ. ರಾಜ ಏನೋ ಕೇಳುತ್ತಾನೆ. ಕ್ಯಾಥರೀನ್ ನಗುತ್ತಾಳೆ. ಅಮ್ಮ ಏನೋ ನಿರ್ಧಾರ ಮಾಡುತ್ತಾಳೆ. ಕ್ಯಾಥರೀನ್ ಮಾತು ಬದಲಿಸುತ್ತಾಳೆ. ಬೇಡ ಎಂಬ ಒಂದು ಮಾತು ಬಾಯಿಯವರೆಗೆ ಬಂದು ವಾಪಸ್ ಹೋಗುತ್ತದೆ. ಯಾರೂ ಅವಳಿಗೆ ಹೊಡೆಯುವುದಿಲ್ಲ, ಕೋಣೆಯಲ್ಲಿ ಕೂಡಿ ಹಾಕುವುದಿಲ್ಲ. ಅಮ್ಮ ಕೆಟ್ಟವಳೂ ಅಲ್ಲ. ಮಗಳು ಸುಖವಾಗಿರಲಿ ಎಂದೇ ಅವಳ ಆಸೆ. ಒಳ್ಳೆಯ ಮನೆಯ ಹುಡುಗಿ ಎದುರು ಮಾತಾಡಬಾರದು ಎಂದು ಕಲಿಸಿದ್ದಾರೆ, ಅಷ್ಟೇ. ಮಾತಾಡಲೇಬೇಕಾದ ಹೊತ್ತಿನಲ್ಲೂ ಅವಳಿಗೆ ಬಾಯಿ ಬರುವುದಿಲ್ಲ. ಕೊನೆ ಗೊತ್ತಿರುವುದರಿಂದ ಒಂದೊಂದು ನಗುವೂ ಚುಚ್ಚುತ್ತದೆ. ಈಗಲಾದರೂ ಹೇಳು ಮಾರಾಯ್ತಿ ಎಂದು ಕೂಗಬೇಕು ಅನ್ನಿಸುತ್ತದೆ.

ಕೊನೆಯ ಹತ್ತಿರ ಒಂದು ಕಡೆ ಅಮ್ಮ ಕೇಳುತ್ತಾಳೆ, ಇದರಿಂದ ನಿನಗೆ ಸಂತೋಷವಾಗುತ್ತದಾ ಅಂತ. ಅಷ್ಟರಲ್ಲಿ ಎಲ್ಲ ಮುಗಿದಿದೆ. ಜೆಸ್ಟ್ ಸತ್ತಿದ್ದಾನೆ, ಮಗಳು ಸೇಡಿಗಾಗಿ ರಾಜನನ್ನು ಮದುವೆಯಾಗಲು ಹೊರಟಿದ್ದಾಳೆ. ಈ ಪ್ರಶ್ನೆಯನ್ನು ಮೊದಲೇ ಕೇಳಬೇಕೆಂದು ನಿಮಗೆ ತೋಚಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು ಎಂಬಂತೆ ಅವಳು ಉತ್ತರಿಸುತ್ತಾಳೆ. ಮೊದಲ ಸಲ ಈ ಜಾಗವನ್ನು ದಾಟಿ ಹೋಗಿದ್ದೆ, ಮುಂದೇನಾಗುತ್ತದೆ ಎಂಬ ಅವಸರ. ಈ ಸಲ ಪುಸ್ತಕ ಮಡಚಿಟ್ಟೆ. ಇಡೀ ಕಾದಂಬರಿ ಇರುವುದೇ ಆ ಒಂದು ಪ್ರಶ್ನೆಯಲ್ಲಿ.

ಶೂರ್ಪನಖಿ ನೆನಪಾದಳು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಅವಳು ಮೊದಲು ಹೆಣ್ಣುಬಣ್ಣವಾಗಿ, ಅಂದರೆ ರಾಕ್ಷಸಿಯ ವೇಷದಲ್ಲಿ, ಬರುತ್ತಾಳೆ, ಅಬ್ಬರದಲ್ಲಿ. ಆಮೇಲೆ ಮಾಯಾ ಶೂರ್ಪನಖಿ, ಚಂದದ ಸ್ತ್ರೀವೇಷ. ನಾವು ನೋಡುವ ಕ್ರಮ ಅದು, ಮೊದಲು ರಾಕ್ಷಸಿ, ನಂತರ ಹೆಣ್ಣು. ಅವಳ ಗಂಡ ವಿದ್ಯುಜ್ಜಿಹ್ವನನ್ನು ಕೊಂದದ್ದು ಅವಳ ಅಣ್ಣ ರಾವಣನೇ. ಅದನ್ನು ನೆನಪಿಟ್ಟುಕೊಂಡು ಪಂಚವಟಿಯನ್ನು ನೋಡಿದರೆ ಅವಳ ಹಸಿವು, ಹಟ ಎಲ್ಲ ಬೇರೆಯೇ ಕಾಣುತ್ತದೆ. ‘ಹಾರ್ಟ್‌ಲೆಸ್’ ಈ ಕ್ರಮವನ್ನು ತಿರುಗಿಸಿದೆ. ಇಲ್ಲಿ ಸ್ತ್ರೀವೇಷ ಮೊದಲು ಬರುತ್ತದೆ, ಅದು ನಮ್ಮ ಕಣ್ಣೆದುರೇ ಬಣ್ಣದ ವೇಷವಾಗುತ್ತದೆ. ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುವುದನ್ನು ನೋಡಿದವರಿಗೆ ಗೊತ್ತು, ಒಂದೊಂದೇ ಸಾಲು ಏರುತ್ತಾ ಹೋದ ಹಾಗೆ ಗುರುತಿನ ಮುಖ ಕಾಣೆಯಾಗುತ್ತದೆ. ಇಂಥ ಹೊತ್ತಿಗೆ ಪೂರ್ತಿ ಹೋಯಿತು ಎಂದು ಹೇಳಲಾಗುವುದಿಲ್ಲ. ಕ್ಯಾಥರೀನಳದ್ದೂ ಹಾಗೆಯೇ.

ಅವಳು ಬರೀ ಪಾಪದವಳು ಎಂದು ನಾನು ಹೇಳುತ್ತಿಲ್ಲ. ಸರ್ ಪೀಟರ್‌ನ ತೋಟದಿಂದ ಕುಂಬಳಕಾಯಿ ತಂದು ಸ್ಪರ್ಧೆಗೆ ಕೇಕ್ ಮಾಡುತ್ತಾಳೆ. ಅದನ್ನು ತಿಂದ ಒಂದು ಆಮೆ ಅರ್ಧ ಕರುವಿನ ರೂಪ ತಾಳುತ್ತದೆ. ಮೂಲ ಕತೆಯಲ್ಲಿ ಸುಮ್ನೆ ಅಳುತ್ತಾ ಕೂರುವ ಆಮೆ ಅದು. ಅದರ ಕಣ್ಣೀರಿಗೆ ಇಲ್ಲಿ ಕಾರಣ ಸಿಗುತ್ತದೆ, ಆ ಕಾರಣ ನಮ್ಮ ನಾಯಕಿಯೇ. ಕೊನೆಗೆ ತನ್ನ ಹೃದಯವನ್ನೇ ಭವಿಷ್ಯ ಹೇಳುವ ಮೂವರು ಅಕ್ಕತಂಗಿಯರಿಗೆ ಕೊಟ್ಟು, ಬದಲಿಗೆ ಜೆಸ್ಟ್‌ನನ್ನು ಕೊಂದ ಪೀಟರ್‌ನನ್ನು ಪಡೆಯುತ್ತಾಳೆ. ಅವಳು ಹೇಳಿದ ಶಿಕ್ಷೆಯನ್ನು ಇಲ್ಲಿ ಹಿಂದಿನಿಂದ ಬಂದು ಯಾರೂ ಕ್ಷಮಿಸುವುದಿಲ್ಲ. ತಲೆ ನಿಜವಾಗಿಯೇ ಬೀಳುತ್ತದೆ.

ತಕರಾರೂ ಇದೆ. ನಡುವಿನ ಭಾಗ ಎಳೆದಂತಾಗುತ್ತದೆ. ರಾಜನನ್ನು ತೀರಾ ಪೆದ್ದನನ್ನಾಗಿ ಮಾಡಿದ್ದು ನನಗೆ ಹಿಡಿಸಲಿಲ್ಲ. ಅವನು ಸ್ವಲ್ಪ ಬುದ್ಧಿವಂತ, ಒಳ್ಳೆಯ ಮನುಷ್ಯನಾಗಿದ್ದರೆ ಅವಳ ಸಂಕಟ ಇನ್ನೂ ಆಳಕ್ಕೆ ಹೋಗುತ್ತಿತ್ತು. ಪೆದ್ದನನ್ನು ಬೇಡ ಎನ್ನುವುದು ಓದುಗರಿಗೆ ಸುಲಭ. ಮತ್ತೆ ಆ ಅಕ್ಕತಂಗಿಯರ ಭವಿಷ್ಯವಾಣಿ. ಯಾರು ಕೊಲೆಗಾರ, ಯಾರು ಬಲಿ, ಯಾರು ರಾಣಿ, ಯಾರು ಹುಚ್ಚ ಎಂದು ಮೊದಲೇ ಹೇಳಿಬಿಡುತ್ತಾರೆ. ವಿಧಿ ಅಷ್ಟು ಗಟ್ಟಿಯಾದರೆ ಅಮ್ಮನ ಪ್ರಶ್ನೆಗೆ ಬೆಲೆ ಎಲ್ಲಿ?

ಇಷ್ಟು ಕತ್ತಲೆಯ ಕತೆ ಮಕ್ಕಳಿಗೆ ಬೇಕಾ ಎಂದು ಕೇಳುವವರಿಗೆ ಒಂದೇ ಮಾತು. ನಮ್ಮ ಮಕ್ಕಳು ಅಜ್ಜಿಯ ಮಡಿಲಲ್ಲಿ ಕೂತು ಮಹಿಷಾಸುರನನ್ನು ನೋಡಿ ಬೆಳೆದವರು.

ಅಕ್ಕನ ಮಗಳು ಸೆಕೆಂಡ್ ಪಿಯುಸಿ. ಅವಳಿಗೂ ಓದಲು ಕೊಟ್ಟೆ. ಅವಳ ಸಿಟ್ಟು ನನ್ನದಲ್ಲ, ಬೇರೆ. ಜೆಸ್ಟ್ ಸಾಯುವುದು ಯಾವಾಗ? ಪೀಟರ್‌ನ ಕೈಗೆ ಸಿಕ್ಕಿಬಿದ್ದ ಮೇರಿ ಆ್ಯನ್‌ಳನ್ನು ಬಿಡಿಸಲು ಕ್ಯಾಥರೀನ್ ಬಾಗಿಲು ದಾಟಿ ವಾಪಸ್ ಬಂದಾಗ. ದಾಟಬೇಡಿ ಎಂದು ಎಚ್ಚರಿಕೆ ಇತ್ತು.

‘ಫ್ರೆಂಡನ್ನು ಬಿಡಿಸಲಿಕ್ಕೆ ಹೋದದ್ದಲ್ವಾ ಚಿಕ್ಕಮ್ಮ? ಒಳ್ಳೆ ಕೆಲಸಕ್ಕೆ ಹೀಗೆ ಶಿಕ್ಷೆ ಕೊಡ್ಲಿಕ್ಕುಂಟಾ?’

ನನಗೆ ಹಾಗನ್ನಿಸುವುದಿಲ್ಲ. ಯಾರ ಒಪ್ಪಿಗೆಗೂ ಕಾಯದೆ ಕ್ಯಾಥರೀನ್ ತಾನಾಗಿ ಮಾಡಿದ ಕೆಲಸ ಅದು. ಮೇರಿ ಆ್ಯನ್ ಉಳಿದಳು ಕೂಡ. ಅಲ್ಲಿಂದಾಚೆ ಸೇಡಿನ ದಾರಿ ಹಿಡಿದದ್ದು ಕ್ಯಾಥರೀನಳದ್ದೇ ಆಯ್ಕೆ. ಅಕ್ಕನ ಮಗಳು ಒಪ್ಪಲಿಲ್ಲ. ಜೆಸ್ಟ್ ಸತ್ತ ಮೇಲೆ ಅವಳಿಗೆ ಇನ್ಯಾವ ದಾರಿ ಇತ್ತು ತೋರಿಸಿ ಎನ್ನುತ್ತಾಳೆ. ಬೇಕರಿ ಇತ್ತಲ್ಲ, ಮೇರಿ ಆ್ಯನ್ ಇದ್ದಳಲ್ಲ ಎಂದರೆ ತಲೆ ಅಲ್ಲಾಡಿಸುತ್ತಾಳೆ. ಅಷ್ಟು ಕಳೆದುಕೊಂಡವಳಿಗೆ ಕೇಕ್ ಮಾಡು ಎಂದು ಹೇಳಲು ನನಗಂತೂ ಆಗುವುದಿಲ್ಲ ಅಂತಾಳೆ.

ಓದಿದವರು ನಿಮಗೇನು ಅನ್ನಿಸಿತು ಬರೆಯಿರಿ. ಓದದವರು ಮೊದಲು ಕ್ಯಾರಲ್‌ನ ಕತೆಯನ್ನು ಓದಿಕೊಳ್ಳಿ. ಇಂಗ್ಲಿಷ್ ಕಷ್ಟ ಎನ್ನುವವರಿಗೆ ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಇದೆ. ಆ ರಾಣಿಯ ಕಿರುಚಾಟಕ್ಕೆ ಒಮ್ಮೆ ಮನಸ್ಸು ಬಿಚ್ಚಿ ನಕ್ಕು, ಆಮೇಲೆ ಇದಕ್ಕೆ ಬನ್ನಿ.