ಕಂದಾಯದ ರಿಯಾಯಿತಿ ಕೇಳೋಕೆ ಮುಜುಗರ ಯಾಕೆ?

ಇಂಗ್ಲೆಂಡಿಗೆ ಬಂದ ನಮ್ಮವರಿಗೆ ಮೊದಲ ಅಚ್ಚರಿ ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಿನ ಆಡಳಿತ ನಡೆಸುವ ಕೌನ್ಸಿಲ್‌ಗೆ ಕಟ್ಟುವ ಮನೆ ಕಂದಾಯ. ನಮ್ಮಲ್ಲಿ ಮನೆ ಕಂದಾಯ ಓನರ್ ತಲೆನೋವು. ಬಾಡಿಗೆಗೆ ಇರುವವರು ಆ ರಸೀದಿಯನ್ನು ಕಣ್ಣಲ್ಲೂ ನೋಡಿರುವುದಿಲ್ಲ. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ಮನೆಯಲ್ಲಿ ಯಾರು ವಾಸ ಇದ್ದಾರೋ ಅವರ ಹೆಸರಿಗೇ ಬಿಲ್ ಬರುತ್ತದೆ.

ಕೈಯಲ್ಲಿ ದುಡ್ಡು ಕಮ್ಮಿ ಇದ್ದವರಿಗೆ ಈ ಬಿಲ್ ಇಳಿಸಿಕೊಳ್ಳುವ ದಾರಿ ಕಾನೂನಿನಲ್ಲೇ ಇದೆ. ಅದಕ್ಕೆ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಅನ್ನುತ್ತಾರೆ. ಕೆಲವು ಕಡೆ ಸಪೋರ್ಟ್ ಅಂತಲೂ ಕರೆಯುತ್ತಾರೆ. ಅರ್ಹತೆ ಇದ್ದೂ ಇದನ್ನು ಕೇಳದೆ ಬಿಡುವ ಕನ್ನಡಿಗರನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ನಮ್ಮ ಬೀದಿಯಲ್ಲಿ ಹಾಸನದ ಕಡೆಯ ಒಬ್ಬರು ಅಕ್ಕ ಇದ್ದಾರೆ. ಬಂದು ಬಹಳ ವರ್ಷ ಆಗಿದೆ, ಇಲ್ಲಿನ ಪೌರರೇ. ವೃದ್ಧರ ಆರೈಕೆ ಮನೆಯಲ್ಲಿ ಕೆಲಸ. ಶಿಫ್ಟ್ ಕಮ್ಮಿ ಆದಾಗ ಯೂನಿವರ್ಸಲ್ ಕ್ರೆಡಿಟ್‌ಗೆ, ಅಂದರೆ ಕಮ್ಮಿ ಆದಾಯದವರಿಗೆ ಸರ್ಕಾರ ಕೊಡುವ ನೆರವಿನ ಹಣಕ್ಕೆ, ಅರ್ಜಿ ಹಾಕಿದರು. ಅದರಲ್ಲೇ ಎಲ್ಲ ಸೇರಿದೆ ಅಂದುಕೊಂಡರು. ಸೇರಿಲ್ಲ. ಕೌನ್ಸಿಲ್‌ಗೆ ಬೇರೆಯೇ ಅರ್ಜಿ ಹಾಕಬೇಕು. ಬಾಕಿಯ ಪತ್ರ ಬಂದ ಮೇಲೇ ಅವರಿಗೆ ಅದು ಗೊತ್ತಾಗಿದ್ದು. ಅರ್ಜಿ ತುಂಬೋಣ ಅಂತ ಕೂತರೆ, "ಬೇಡ ಕಣಪ್ಪಾ, ದುಡಿಯೋ ಕೈ ಇದೆ, ಬೇರೆಯವರ ಹತ್ರ ಯಾಕೆ ಕೈ ಚಾಚೋದು" ಅಂದರು. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು ಎಲ್ಲ ಮೇಜಿನ ಮೇಲೆ ಹರಡಿತ್ತು. ಅವರು ಮಾತ್ರ ಪೆನ್ನು ಮುಟ್ಟಲಿಲ್ಲ.

ನಾನು ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಇದು ದಾನ ಅಲ್ಲ. ತೆರಿಗೆ ಎಷ್ಟು ಅಂತ ಹೇಳುವ ಅದೇ ಕಾನೂನು ಯಾರಿಗೆ ಎಷ್ಟು ಬಿಡಬೇಕು ಅಂತಲೂ ಹೇಳುತ್ತದೆ. ಒಬ್ಬರೇ ಇರುವ ಮನೆಗೆ 25% ಬಿಡುತ್ತಾರೆ, ಅದಕ್ಕೆ ಆದಾಯವನ್ನೂ ಕೇಳುವುದಿಲ್ಲ. ಒಳ್ಳೆ ಸಂಬಳದವರೇ ಅದನ್ನು ಮುಜುಗರ ಇಲ್ಲದೆ ತೆಗೆದುಕೊಳ್ಳುತ್ತಾರೆ. ಕಷ್ಟದಲ್ಲಿ ಇರುವವರು ಮಾತ್ರ ನಾಚಿಕೊಳ್ಳಬೇಕಾ?

ಒಂದು ಎಚ್ಚರಿಕೆ. ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಅನ್ನುವ ಷರತ್ತು ಇದ್ದರೆ ರಿಡಕ್ಷನ್‌ಗೆ ಅರ್ಜಿ ಹಾಕುವ ಮುಂಚೆ ವಲಸೆ ಕಾನೂನು ತಿಳಿದವರನ್ನು ಕೇಳಿ. ಅದು ಆ ನೆರವಿನ ಪಟ್ಟಿಯಲ್ಲಿದೆ. ಒಂಟಿ ವಾಸದ 25% ಆ ಪಟ್ಟಿಯಲ್ಲಿಲ್ಲ, ಅದನ್ನು ಧೈರ್ಯವಾಗಿ ಕೇಳಬಹುದು.

ಈಗ ಬೆಂಗಳೂರಿನ ಕಡೆ ನೋಡಿ. ಅಲ್ಲೂ ರಿಯಾಯಿತಿ ಇದೆ. ಇಡೀ ವರ್ಷದ ಕಂದಾಯವನ್ನು ಏಪ್ರಿಲ್‌ನಲ್ಲಿ ಒಟ್ಟಿಗೆ ಕಟ್ಟಿದರೆ 5% ಕಮ್ಮಿ. ಅಂದರೆ ಕೈಯಲ್ಲಿ ದುಡ್ಡು ಇದ್ದವರಿಗೆ ಲಾಭ. ಎರಡು ಕಂತು ಮಾಡಿಕೊಳ್ಳುವವರಿಗೆ ಅದಿಲ್ಲ, ತಡ ಮಾಡಿದವರಿಗೆ ಬಡ್ಡಿ. ಮನೆ ಯಾವ ವಲಯದಲ್ಲಿದೆ, ಎಷ್ಟು ಚದರಡಿ, ಸ್ವಂತ ವಾಸವೋ ಬಾಡಿಗೆಗೆ ಕೊಟ್ಟಿದ್ದೋ, ಎಲ್ಲ ಕೇಳುತ್ತಾರೆ. ಮನೆಯವರ ಆದಾಯ ಎಷ್ಟು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಬಸವನಗುಡಿಯಲ್ಲಿ ಅಪ್ಪ ಕಟ್ಟಿಸಿದ ಹಳೇ ಮನೆ, ತಿಂಗಳಿಗೆ ಸಣ್ಣ ಪಿಂಚಣಿ. ಇಂಥವರು ಎಷ್ಟು ಜನ ಇಲ್ಲ ಹೇಳಿ? ಜಾಗದ ಬೆಲೆ ಕೋಟಿ ಅಂದ ಮಾತ್ರಕ್ಕೆ ಅವರ ಕೈಯಲ್ಲಿ ಕಾಸು ಇರುತ್ತಾ?

ಹಾಗಂತ ಇಲ್ಲಿನದೆಲ್ಲ ಸರಿ ಅಂತ ಅಲ್ಲ. ಇಂಗ್ಲೆಂಡಿನಲ್ಲಿ ಮನೆಗಳ ಬ್ಯಾಂಡ್, ಅಂದರೆ ತೆರಿಗೆ ಲೆಕ್ಕ ಹಾಕುವ ಬೆಲೆಯ ದರ್ಜೆ, ಇವತ್ತಿಗೂ 1991ರ ಏಪ್ರಿಲ್ ಬೆಲೆಯ ಮೇಲೆ ನಿಂತಿದೆ. 2013ರವರೆಗೆ ಬಡವರ ನೆರವಿಗೆ ಇಡೀ ದೇಶಕ್ಕೆ ಒಂದೇ ನಿಯಮ ಇತ್ತು. ಆ ವರ್ಷ ಸರ್ಕಾರ ಅದನ್ನು ತೆಗೆದು, ಹಣವನ್ನೂ ಇಳಿಸಿ, ಕೌನ್ಸಿಲ್‌ಗಳ ತಲೆಗೆ ಕಟ್ಟಿತು. ಪಿಂಚಣಿ ವಯಸ್ಸಿನವರಿಗೆ ಮಾತ್ರ ರಾಷ್ಟ್ರೀಯ ನಿಯಮ ಉಳಿಯಿತು. ದುಡಿಯುವ ವಯಸ್ಸಿನವರಿಗೆ ಒಂದೊಂದು ಊರಲ್ಲಿ ಒಂದೊಂದು ಲೆಕ್ಕ. ಒಂದೇ ಸಂಬಳಕ್ಕೆ ಒಂದು ಕಡೆ ಪೂರ್ತಿ ಮಾಫಿ ಸಿಗಬಹುದು, ಪಕ್ಕದ ಕೌನ್ಸಿಲ್‌ನಲ್ಲಿ ಒಂದು ಪಾಲು ಕಟ್ಟಲೇಬೇಕಾಗಬಹುದು. ಸ್ಕಾಟ್‌ಲೆಂಡ್ ಮತ್ತು ವೇಲ್ಸ್ ಹಾಗೆ ಮಾಡಲಿಲ್ಲ. ಅಲ್ಲಿ ಇಡೀ ನಾಡಿಗೆ ಒಂದೇ ನಿಯಮ. ನನಗೆ ಅದೇ ನ್ಯಾಯ ಅನಿಸುತ್ತದೆ.

ಇನ್ನೂ ಬೇಸರದ್ದು ವಸೂಲಿ. ಕಂತು ತಪ್ಪಿದರೆ ಮೊದಲು ನೆನಪಿನ ಪತ್ರ. ಆಗಲೂ ಕಟ್ಟದಿದ್ದರೆ ಕಂತಿನ ಸೌಲಭ್ಯ ಹೋಗಿ ವರ್ಷದ ಬಾಕಿಯನ್ನೆಲ್ಲ ಒಟ್ಟಿಗೆ ಕೇಳುತ್ತಾರೆ. ಆಮೇಲೆ ಕೋರ್ಟ್ ಸಮನ್ಸ್, ಅದರ ಖರ್ಚು ನಮ್ಮ ತಲೆಗೆ, ಕೊನೆಗೆ ಬಾಗಿಲಿಗೆ ವಸೂಲಿಯವರು. ತಿಂಗಳ ಕಂತನ್ನೇ ಕಟ್ಟಲಾಗದವರು ಇಡೀ ವರ್ಷದ್ದನ್ನು ಎಲ್ಲಿಂದ ತರಬೇಕು? ಅದಕ್ಕೇ ಪತ್ರ ಬಂದ ದಿನವೇ ಕೌನ್ಸಿಲ್‌ಗೆ ಫೋನ್ ಮಾಡಿ ಅನ್ನುವುದು. ವರ್ಷದ ಮಾಮೂಲಿ ಹತ್ತು ಕಂತನ್ನು ಹನ್ನೆರಡು ಮಾಡಿಕೊಡಿ ಅಂತ ಕೇಳಬಹುದು. ಯಾವ ರಿಯಾಯಿತಿಗೂ ಹೊಂದದೆ ತೀರಾ ಕಷ್ಟದಲ್ಲಿದ್ದರೆ, 1992ರ ಲೋಕಲ್ ಗವರ್ನಮೆಂಟ್ ಫೈನಾನ್ಸ್ ಕಾಯ್ದೆಯ 13ಎ ಕಲಂ ಅಡಿ ಕೌನ್ಸಿಲ್ ತನ್ನ ವಿವೇಚನೆಯಿಂದ ಬಿಲ್ಲನ್ನು ಸೊನ್ನೆಗೂ ಇಳಿಸಬಹುದು. ಇದನ್ನು ಅವರಾಗಿ ಹೇಳುವುದು ಅಪರೂಪ, ಕಲಂ ಹೆಸರು ಹಿಡಿದು ಕೇಳಿ.

ಅಕ್ಕ ಕೊನೆಗೆ ಸಹಿ ಹಾಕಿದರು, ಬಿಲ್ ಇಳಿಯಿತು. ಆದರೆ ಅರ್ಜಿ ಹಾಕುವ ಮುಂಚಿನ ತಿಂಗಳುಗಳದ್ದು ಬಿಟ್ಟುಕೊಡಲಿಲ್ಲ. ಅವರ ಸಂಬಳದ ವಿವರ ಯೂನಿವರ್ಸಲ್ ಕ್ರೆಡಿಟ್ ಅರ್ಜಿಯಲ್ಲಿ ಆಗಲೇ ಸರ್ಕಾರದ ಹತ್ತಿರ ಇತ್ತು ಅಲ್ವಾ? ಅದನ್ನೇ ನೋಡಿ ರಿಡಕ್ಷನ್ ತಾನಾಗಿಯೇ ಕೊಡಬೇಕು. ಬೆಂಗಳೂರಿನಲ್ಲಿ ಅದಕ್ಕೂ ಮೊದಲಿನ ಕೆಲಸ ಬಾಕಿ ಇದೆ. ಕಂದಾಯದ ಫಾರಂನಲ್ಲಿ ಆದಾಯಕ್ಕೆ ಒಂದು ಕಾಲಂ ಬರಬೇಕು. ಬಿಪಿಎಲ್ ಕಾರ್ಡು, ವೃದ್ಧಾಪ್ಯ ವೇತನದ ಲೆಕ್ಕ ಎಲ್ಲ ಸರ್ಕಾರದ ಹತ್ತಿರವೇ ಇರುವಾಗ ಅದು ಅಷ್ಟೇನೂ ಕಷ್ಟದ್ದಲ್ಲ.