ಅವ್ವನಿಗೆ ಗೊತ್ತಿದ್ದ ಹೆಸರು ಬೋರ್ಡಿನ ಮೇಲೆ ಇರಲಿಲ್ಲ

ಹೋದ ಭಾನುವಾರ ಬೆಳಿಗ್ಗೆ ಅವ್ವನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಇಲ್ಲೇ ಕಲಬುರಗಿಯ ಒಂದು ಕಾಲೇಜಿಗೆ ಹೋಗಿದ್ದೆ. ಅಲ್ಲಿ ಬೇರೆ ಬೇರೆ ಜಾತಿಯ ಗಿಡ ಬೆಳೆಸಿ, ಒಂದೊಂದಕ್ಕೂ ಹೆಸರಿನ ಬೋರ್ಡ್ ಹಾಕಿ, ಜನರಿಗೆ ನೋಡಲು ಬಿಟ್ಟಿದ್ದಾರೆ. ಅರ್ಬೊರೇಟಂ ಅಂತಾರೆ. (ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಗಿಡಾನೇ, ನಾನೂ ಹಾಗೇ ಬರೆಯುತ್ತೇನೆ.) ಗೇಟಿನಲ್ಲಿ ಜೇಬಿಗೆ ಕೈ ಹಾಕಿದೆ. "ರೊಕ್ಕ ಏನೂ ಇಲ್ರಿ, ಒಳಗ ಹೋಗ್ರಿ" ಅಂದರು ವಾಚ್‌ಮನ್.

ಎಂಟು ಗಂಟೆಗೇ ಬಿಸಿಲು ಸುಡುತ್ತಿತ್ತು. ಬೇವಿನ ಗಿಡದ ಕೆಳಗೆ ಹೋದ ಕೂಡಲೇ ಅವ್ವ ಸೆರಗು ತಲೆಯಿಂದ ಇಳಿಸಿದಳು. ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಅದರ ವೈಜ್ಞಾನಿಕ ಹೆಸರು, 'ಅಜಾಡಿರಾಕ್ಟ ಇಂಡಿಕ' ಅಂತಿತ್ತು. ಈ ಹೆಸರು ಬಂದದ್ದು ಫಾರ್ಸಿಯ 'ಆಜಾದ್ ದರಖ್ತ್'ನಿಂದ, ಅಂದರೆ ಸ್ವತಂತ್ರ ಮರ. ಆಜಾದ್, ದರಖ್ತ್ ಎರಡೂ ನಮ್ಮೂರ ಬಜಾರದಲ್ಲಿ ದಿನಾ ಕೇಳುವ ಮಾತು. 1347ರಲ್ಲಿ ಬಹಮನಿಗಳು ರಾಜಧಾನಿ ಮಾಡಿಕೊಂಡ ಊರು ಇದು, ಫಾರ್ಸಿ ಆಗಿನಿಂದಲೂ ಇಲ್ಲಿದೆ. ಹುಣಸೆಯ ಹೆಸರು 'ಟ್ಯಾಮರಿಂಡಸ್'. ಅರಬ್ಬಿಯ 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ. ಗಿಡದ ಮೂಲ ಮಾತ್ರ ಆಫ್ರಿಕಾ. ಇದನ್ನೆಲ್ಲ ಬೋರ್ಡಿನ ಕೆಳಗೆ ಒಂದು ಸಾಲು ಕನ್ನಡದಲ್ಲಿ ಬರೆದರೆ ಮಕ್ಕಳು ಎಷ್ಟು ಖುಷಿಯಿಂದ ಓದುತ್ತಾರೆ ಅಲ್ವಾ?

ಮುಂದಿನ ಗಿಡದ ಹತ್ತಿರ ಅವ್ವ ನಿಂತಳು. ಬಿರುಕು ಬಿಟ್ಟ ತೊಗಟೆ, ಸಣ್ಣ ಸಣ್ಣ ಎಲೆ. "ಏನ್ ಬರದಾರೋ ತಮ್ಮಾ?" ಅಂದಳು. 'ಪ್ರೊಸೊಪಿಸ್ ಸಿನೆರೇರಿಯ' ಅಂತ ಓದಿದೆ. ಅವ್ವ ಒಂದು ರೆಂಬೆ ಹಿಡಿದು ಮುಳ್ಳು ಮುಟ್ಟಿ ನೋಡಿದಳು. "ಇದು ಬನ್ನಿ ಗಿಡ ಅದ ಅಲ್ಲೇನೋ!" ಅಂದಳು. ಚಪ್ಪಲಿ ಬಿಟ್ಟು ಕೈ ಮುಗಿದಳು.

ದಸರೆಗೆ ಬನ್ನಿ ಕೊಟ್ಟು 'ಬಂಗಾರದಂಗ ಇರೋಣ' ಅನ್ನುವ ಊರಿನಲ್ಲಿ ಬನ್ನಿ ಗಿಡದ ಮೇಲೆ ಬನ್ನಿ ಅಂತ ಬರೆದಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಪಕ್ಕದ ತೆಲಂಗಾಣದವರು ಇದನ್ನೇ ಜಮ್ಮಿ ಅಂತ ಕರೆದು ರಾಜ್ಯದ ಮರ ಮಾಡಿಕೊಂಡಿದ್ದಾರೆ.

ಹಾಗಂತ ಆ ವೈಜ್ಞಾನಿಕ ಹೆಸರು ಬೇಡ ಅಂತಲ್ಲ. ಕಾಂಪೌಂಡಿನ ಪಕ್ಕ ಬಳ್ಳಾರಿ ಜಾಲಿಗೂ ಬೋರ್ಡ್ ಇತ್ತು. ಅದರ ಮೇಲೂ ಮೊದಲ ಹೆಸರು ಪ್ರೊಸೊಪಿಸ್! ಬನ್ನಿ ನಮ್ಮ ಹೊಲದ ಗಿಡ, ಇದು ಅಮೆರಿಕ ಖಂಡದ ಕಡೆಯಿಂದ ಬಂದು ಖಾಲಿ ಜಾಗವನ್ನೆಲ್ಲ ತುಂಬಿಕೊಂಡದ್ದು. ಎರಡೂ ಒಂದೇ ಬಳಗ ಅಂತ ನನಗೆ ಆ ಬೋರ್ಡ್ ಓದಿದಾಗಲೇ ಗೊತ್ತಾಗಿದ್ದು. ಅವ್ವ ಮಾತ್ರ ಎರಡನ್ನೂ ಮುಳ್ಳಿನಲ್ಲೇ ಬೇರೆ ಮಾಡಿ ತೋರಿಸಿದಳು. ಜಾಲಿಗೆ ಎಲೆಯ ಬುಡದಲ್ಲಿ ಜೋಡಿ ಮುಳ್ಳು. ಬನ್ನಿಗೆ ರೆಂಬೆಯ ಮೇಲೆ ಚಿಕ್ಕ ಮುಳ್ಳು, ಅಲ್ಲೊಂದು ಇಲ್ಲೊಂದು. ಓದಿದವರ ಹೆಸರು, ಅವ್ವನ ಹೆಸರು ಎರಡೂ ಒಂದೇ ಬೋರ್ಡಿನ ಮೇಲೆ ಇರಬೇಕು.

ಇನ್ನೊಂದು ಮಾತು. ಕೆಲವು ಬೋರ್ಡುಗಳನ್ನು ಮೊಳೆ ಹೊಡೆದು ಕೂರಿಸಿದ್ದಾರೆ. ಗಿಡ ದಪ್ಪ ಆಗುತ್ತಾ ಹೋದಂತೆ ತೊಗಟೆ ಬೋರ್ಡಿನ ಅಂಚಿನ ಮೇಲೆ ತುಟಿ ಮಡಚಿದ ಹಾಗೆ ಬೆಳೆದಿದೆ. ಒಂದರಲ್ಲಿ ಅರ್ಧ ಹೆಸರು ಒಳಗೇ ಹೋಗಿದೆ. ದಯವಿಟ್ಟು ಮೊಳೆ ಬೇಡ. ಪಕ್ಕದಲ್ಲಿ ಒಂದು ಶಹಾಬಾದ್ ಕಲ್ಲು ನೆಟ್ಟು ಅದರ ಮೇಲೆ ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೇನು ಕಡಿಮೆ?

ಇಷ್ಟೆಲ್ಲ ಹೇಳಿದರೂ ಆ ಕಾಲೇಜಿನವರ ಮೇಲೆ ನನಗೆ ಪ್ರೀತಿ ಜಾಸ್ತಿ ಆಗಿದೆ. ಹೋದ ವರ್ಷ ಇನ್ನೊಂದು ಕ್ಯಾಂಪಸ್‌ನಲ್ಲಿ ನಮ್ಮನ್ನು ಗೇಟಿನಲ್ಲೇ ನಿಲ್ಲಿಸಿ "ಏನ್ ಕೆಲಸ?" ಅಂತ ಕೇಳಿ ವಾಪಸ್ ಕಳಿಸಿದ್ದರು. ಗಿಡ ನೋಡೋದು ಕೆಲಸ ಅಲ್ಲ ಅಂತ ಅವರ ಲೆಕ್ಕ. ಬಿಸಿಲಿನ ಊರಿನಲ್ಲಿ ನೆರಳು ದೊಡ್ಡ ಆಸ್ತಿ. ಪಾರ್ಕಿಗೂ ಹೋಗದ ವಯಸ್ಸಾದವರು, ರಜೆಯಲ್ಲಿರುವ ಮಕ್ಕಳು ಬೆಳಿಗ್ಗೆ ಎರಡು ತಾಸು ಬಂದು ಹೋದರೆ ಕಾಲೇಜಿಗೆ ಏನು ನಷ್ಟ? ನಮ್ಮಲ್ಲಿ ಜಾಗಕ್ಕೆ ಬರ ಇಲ್ಲ. 1980ರಲ್ಲಿ ಶುರುವಾದ ಗುಲ್ಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ. ಎಲ್ಲ ಕಡೆ ಇಂಥದ್ದೊಂದು ತೋಟ, ಎಲ್ಲರಿಗೂ ತೆರೆದ ಗೇಟು ಇರಲಿ ಅಂತ ನನ್ನಾಸೆ.

ಅವ್ವ ಅವತ್ತು ಒಟ್ಟು 17 ಗಿಡಗಳ ಹೆಸರು ಹೇಳಿದಳು. ಎಲ್ಲವನ್ನೂ ಬೋರ್ಡಿನ ಫೋಟೊ ಜೊತೆ ಮೊಬೈಲಿನಲ್ಲಿ ಬರೆದುಕೊಂಡಿದ್ದೇನೆ. ಸೋಮವಾರ ಪ್ರಿಂಟ್ ತೆಗೆಸಿ ಅಲ್ಲಿನ ಬಾಟನಿ ಸರ್‌ಗೆ ಕೊಟ್ಟು ಬರುತ್ತೇನೆ. ಅವ್ವನೂ ಬರ್ತೀನಿ ಅಂದಿದ್ದಾಳೆ.